ಹದಿನೇಳರ ಹುಡುಗನಿಗೆ ಯಾವ ವಾರ್ಡು?

ನನ್ನ ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಇದೆಯೆಂದು ತಿಳಿದಾಗ ಅವನಿಗೆ ಹದಿನೇಳು ತುಂಬಿತ್ತು, ದ್ವಿತೀಯ ಪಿಯುಸಿ ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. ಅದಕ್ಕೂ ಹಿಂದಿನ ಐದು ವಾರಗಳ ಕಾಲ ಅವನ ಜ್ವರ, ಸುಸ್ತು, ಕತ್ತಿನಲ್ಲಿ ಎದ್ದ ಗಂಟುಗಳಿಗೆ ನಾವು ಓದಿನ ಒತ್ತಡ, ಹಾಸ್ಟೆಲಿನ ಊಟ, ನಿದ್ದೆಗೇಡು ಎಂದು ಕಾರಣ ಹುಡುಕಿಕೊಂಡಿದ್ದೆವು. ಊರಿನ ವೈದ್ಯರು ಎರಡು ಬಾರಿ ಆ್ಯಂಟಿಬಯೋಟಿಕ್ ಬದಲಿಸಿದರು, ಕ್ಷಯವಿರಬಹುದೆಂದು ಕಫ ಪರೀಕ್ಷೆಗೂ ಬರೆದರು. ಅವರನ್ನು ನಾನು ದೂರುವುದಿಲ್ಲ, ಏಕೆಂದರೆ ನಮ್ಮ ನಾಡಿನಲ್ಲಿ ಹರೆಯದವರ ಕತ್ತಿನ ಗಂಟು ಬಹಳ ಸಲ ಕ್ಷಯವೇ ಆಗಿರುತ್ತದೆ. ಆದರೆ ಕ್ಯಾನ್ಸರ್ ಮುದುಕರಿಗೆ ಬರುವ ರೋಗವೆಂಬ ನಂಬಿಕೆ ಮನೆಯವರಲ್ಲೂ ವೈದ್ಯರಲ್ಲೂ ಒಟ್ಟಿಗೆ ಇದ್ದಾಗ ಬರಿಯ ಒಂದು ರಕ್ತಪರೀಕ್ಷೆಗೂ ವಾರಗಳು ಹಿಡಿಯುತ್ತವೆ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂಳೆಮಜ್ಜೆ ತೆಗೆದು ನೋಡಿದಾಗ ಅದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ, ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಎಂದು ಖಚಿತವಾಯಿತು. ಚೀಟಿ ಬರೆಯುವ ಕೌಂಟರಿನವರು ವಯಸ್ಸು ಕೇಳಿ ಅವನನ್ನು ದೊಡ್ಡವರ ವಿಭಾಗಕ್ಕೆ ಕಳುಹಿಸಿದರು. ಅಲ್ಲಿ ಅಕ್ಕಪಕ್ಕದ ಹಾಸಿಗೆಗಳಲ್ಲಿ ಅವನ ತಾತನ ವಯಸ್ಸಿನವರಿದ್ದರು. ಮರುದಿನ ಪರಿಚಯದ ವೈದ್ಯರೊಬ್ಬರು ಫೋನಿನಲ್ಲಿ, "ಮಕ್ಕಳ ಕ್ಯಾನ್ಸರ್ ವಿಭಾಗದವರು ಒಮ್ಮೆ ನೋಡಲಿ, ಅವರ ಪ್ರೋಟೊಕಾಲಿನಲ್ಲೇ ಚಿಕಿತ್ಸೆ ಶುರುವಾಗಲಿ" ಎಂದು ಒತ್ತಿ ಹೇಳಿದ್ದರಿಂದ ನಾವು ಬೇರೊಂದು ಆಸ್ಪತ್ರೆಗೆ ಹೋದೆವು. ಪ್ರೋಟೊಕಾಲ್ ಎಂದರೆ ಯಾವ ಔಷಧ, ಎಷ್ಟು, ಯಾವಾಗ ಎಂಬ ನಿಗದಿತ ಚಿಕಿತ್ಸಾಕ್ರಮ. ಆ ಮಾತಿನ ತೂಕ ನನಗೆ ಅರ್ಥವಾದದ್ದು ಬಹಳ ತಡವಾಗಿ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದತೊಡಗಿದ ಮೇಲೆ.

2003ರಲ್ಲಿ ಫ್ರಾನ್ಸಿನ ವೈದ್ಯರು 15ರಿಂದ 20 ವರ್ಷದವರಲ್ಲಿ ಇದೇ ರೋಗದ ಫಲಿತಾಂಶಗಳನ್ನು ಹೋಲಿಸಿ ಪ್ರಕಟಿಸಿದರು. ಆ ವಯಸ್ಸಿನ ಕೆಲವರು ಮಕ್ಕಳ ಪ್ರೋಟೊಕಾಲಿಗೂ ಕೆಲವರು ದೊಡ್ಡವರ ಪ್ರೋಟೊಕಾಲಿಗೂ ಸೇರಿದ್ದರು. ಐದು ವರ್ಷಗಳವರೆಗೆ ರೋಗ ಮರಳದೆ ಬದುಕುಳಿದವರು ಮೊದಲ ಗುಂಪಿನಲ್ಲಿ ಶೇ 67, ಎರಡನೆಯದರಲ್ಲಿ ಶೇ 41. ಅಮೆರಿಕದ ಇಂಥದ್ದೇ ಹೋಲಿಕೆ 2008ರಲ್ಲಿ ಬಂತು. ಅಲ್ಲಿ 16ರಿಂದ 20ರ ವಯಸ್ಸಿನವರಲ್ಲಿ ಏಳು ವರ್ಷ ಬದುಕಿದ್ದವರು ಮಕ್ಕಳ ಪ್ರೋಟೊಕಾಲಿನಲ್ಲಿ ಶೇ 67, ದೊಡ್ಡವರದರಲ್ಲಿ ಶೇ 46. ಮಕ್ಕಳ ವೈದ್ಯರು ವಿನ್‌ಕ್ರಿಸ್ಟೀನ್, ಆಸ್ಪರಾಜಿನೇಸ್, ಸ್ಟಿರಾಯ್ಡ್‌ಗಳನ್ನು ಹೆಚ್ಚು ಪ್ರಮಾಣದಲ್ಲಿ ಕೊಡುತ್ತಿದ್ದರು, ಮಿದುಳಿಗೆ ರೋಗ ಹಬ್ಬದಂತೆ ಬೆನ್ನಿಗೆ ಕೊಡುವ ಇಂಜೆಕ್ಷನ್ನುಗಳನ್ನು ಬೇಗನೆ ಆರಂಭಿಸಿ ಹೆಚ್ಚು ಕಾಲ ಮುಂದುವರಿಸುತ್ತಿದ್ದರು. ದಿನಾಂಕ ತಪ್ಪದಂತೆ ನೋಡಿಕೊಳ್ಳುವ ಅವರ ಹಟವೂ ಇದರಲ್ಲಿ ಪಾತ್ರ ವಹಿಸಿದೆ ಎಂದು ಹಲವರು ನಂಬುತ್ತಾರೆ. ನಮ್ಮ ಹುಡುಗನ ವಾರ್ಡಿನ ಸಿಸ್ಟರುಗಳನ್ನು ಕಂಡ ನನಗೂ ಆ ನಂಬಿಕೆ ಬಂದಿದೆ. ಮುಂದೆ ಅಮೆರಿಕದಲ್ಲಿ 39 ವರ್ಷದವರೆಗಿನವರಿಗೂ ಮಕ್ಕಳ ಮಾದರಿಯ ಚಿಕಿತ್ಸೆಯನ್ನೇ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೂರು ವರ್ಷಗಳ ನಂತರ ಶೇ 73 ಮಂದಿ ಬದುಕಿದ್ದರು.

ಎಲ್ಲವನ್ನೂ ವಾರ್ಡಿನ ಮೇಲೆ ಹೊರಿಸುವುದೂ ಸರಿಯಲ್ಲ. ಪುಟ್ಟ ಮಕ್ಕಳ ಲ್ಯುಕೇಮಿಯಾದಲ್ಲಿ ಔಷಧಕ್ಕೆ ಸುಲಭವಾಗಿ ಬಗ್ಗುವ ಜೀನ್ ಬದಲಾವಣೆಗಳು ಹೆಚ್ಚು. ವಯಸ್ಸೇರಿದಂತೆ ಅವು ಕಡಿಮೆಯಾಗಿ ಮೊಂಡು ಬಗೆಗಳು ಹೆಚ್ಚುತ್ತವೆ. ಔಷಧದ ಪೆಟ್ಟೂ ಹರೆಯದವರಿಗೆ ಜೋರು. ಸ್ಟಿರಾಯ್ಡಿನಿಂದ ಸೊಂಟದ ಕೀಲಿನ ಮೂಳೆ ಸಾಯುವ ತೊಂದರೆ ಚಿಕ್ಕವರಿಗಿಂತ ಹತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣುತ್ತದೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 15ರಿಂದ 39 ವರ್ಷದವರನ್ನು ಒಂದು ಗುಂಪಾಗಿ ಎಣಿಸುತ್ತದೆ. ಆದರೆ ಈ ಗುಂಪಿನ ಒಳಗೇ ರೋಗಗಳು ಬೇರೆ ಬೇರೆ. ಇಪ್ಪತ್ತರ ಆಚೀಚೆ ಲ್ಯುಕೇಮಿಯಾ, ಹಾಡ್ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್, ಮಿದುಳಿನ ಗೆಡ್ಡೆ, ಮೂಳೆಯ ಕ್ಯಾನ್ಸರ್ ಕಾಣುತ್ತವೆ. ಮೂವತ್ತು ದಾಟಿದರೆ ಸ್ತನ, ಥೈರಾಯ್ಡ್, ಗರ್ಭಕೊರಳು, ದೊಡ್ಡ ಕರುಳಿನವು ಮುಂದೆ ಬರುತ್ತವೆ. ಫಲಿತಾಂಶಗಳೂ ಹಾಗೆಯೇ. ವೃಷಣದ ಕ್ಯಾನ್ಸರ್ ಹರಡಿದ್ದರೂ ಸಿಸ್‌ಪ್ಲಾಟಿನ್ ಎಂಬ ಔಷಧ ಬಂದ ಮೇಲೆ ಹೆಚ್ಚಿನವರಲ್ಲಿ ಗುಣವಾಗುತ್ತಿದೆ. ಮೂಳೆಯ ಆಸ್ಟಿಯೋಸಾರ್ಕೋಮಾದಲ್ಲಿ ಮಾತ್ರ 1980ರ ದಶಕದ ನಂತರ ಹೆಚ್ಚಿನ ಪ್ರಗತಿಯಾಗಿಲ್ಲ. ಅದು ಹುಡುಗರು ಸರಸರನೆ ಎತ್ತರ ಬೆಳೆಯುವ ವರ್ಷಗಳಲ್ಲಿ ಮೊಣಕಾಲಿನ ಸುತ್ತಲೇ ಹೆಚ್ಚಾಗಿ ಹುಟ್ಟುತ್ತದೆ. ನಮ್ಮ ಕಡೆ ಅದನ್ನು ಆಟದಲ್ಲಿ ಬಿದ್ದ ಪೆಟ್ಟೆಂದು ಎಣ್ಣೆ ಹಚ್ಚಿ ನೀವಿಸಿ ಕಟ್ಟು ಕಟ್ಟಿಸುತ್ತಾರೆ. ವಾರಗಟ್ಟಲೆ ಇಳಿಯದ, ರಾತ್ರಿ ಎಬ್ಬಿಸುವ ನೋವಿಗೆ ಮೊದಲು ಒಂದು ಎಕ್ಸ್‌ರೇ ತೆಗೆಸಿ ಎಂದು ನಾನು ಈಗ ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಚಿಕಿತ್ಸೆ ಆರಂಭವಾಗುವ ಹಿಂದಿನ ದಿನ ವೈದ್ಯೆಯೊಬ್ಬರು ಅಕ್ಕನನ್ನು ಸ್ವಲ್ಪ ಹೊರಗೆ ಕೂರಲು ಹೇಳಿ, ಹುಡುಗನ ಜೊತೆ ವೀರ್ಯವನ್ನು ಶೈತ್ಯದಲ್ಲಿ ಕಾಪಿಡುವ ವಿಷಯ ಮಾತನಾಡಿದರು. ಕೆಲವು ಕೀಮೋ ಔಷಧಗಳು ಮುಂದೆ ಮಕ್ಕಳಾಗುವ ಶಕ್ತಿಯನ್ನು ಕುಂದಿಸಬಲ್ಲವು. ಹದಿನೇಳರ ಹುಡುಗನೊಡನೆ ಈ ಮಾತನ್ನು ಅವನ ತಾಯಿಯೂ ಆಡಲಾರಳು, ನಾನೂ ಆಡಿರಲಿಲ್ಲ. ಅವನು ತಲೆ ತಗ್ಗಿಸಿಯೇ ಒಪ್ಪಿಕೊಂಡ. ಆ ವೈದ್ಯೆಗೆ ನಾನು ಇಂದಿಗೂ ಕೃತಜ್ಞ.

ಮೊದಲ ಎಂಟು ತಿಂಗಳು ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಬೀಳುವುದು, ಜ್ವರ, ಮತ್ತೆ ಅಡ್ಮಿಟ್ ಆಗುವುದು ಇದ್ದೇ ಇತ್ತು. ಆಮೇಲಿನ ಮೇಂಟೆನೆನ್ಸ್ ಹಂತ ನೋಡಲು ಸುಲಭ. ಪ್ರತಿ ರಾತ್ರಿ ಒಂದು ಬಗೆಯ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅಷ್ಟೆ. ಹರೆಯದವರು ಎಡವುವುದು ಇಲ್ಲಿಯೇ. ಕೂದಲು ಮತ್ತೆ ಬಂದು, ಗೆಳೆಯರು ಕರೆದು, ರೋಗ ಮುಗಿಯಿತೆಂಬ ಭಾವನೆ ಬಂದಾಗ ಮಾತ್ರೆ ತಪ್ಪುತ್ತದೆ, ತಪ್ಪಿದ ಮಾತ್ರೆಗಳಿಂದ ರೋಗ ಮರಳುವ ಸಾಧ್ಯತೆ ಹೆಚ್ಚುತ್ತದೆ. ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೆಥೊಟ್ರೆಕ್ಸೇಟಿನ ಬುಧವಾರಗಳಿಗೆಲ್ಲ ಕೆಂಪು ಸುತ್ತು ಹಾಕಿದ್ದಳು. ಒಮ್ಮೆ ಅವನು, "ಮಾವ, ನನ್ನನ್ನು ಮಗುವಿನ ಥರ ನೋಡ್ತಾರೆ" ಎಂದು ನನ್ನಲ್ಲಿ ಸಿಟ್ಟು ತೋಡಿಕೊಂಡಿದ್ದ.

ಚಿಕಿತ್ಸೆ ಮುಗಿದು ಮೂರು ತಿಂಗಳಾಯಿತು. ಇಪ್ಪತ್ತು ದಾಟಿದರೂ ಅವನ ಕಾರ್ಡಿನ ಮೇಲೆ ಇನ್ನೂ ಮಕ್ಕಳ ಒಪಿಡಿಯ ಮೊಹರಿದೆ. ಮುಂದೆ ಎಲ್ಲಿಗೆ ಬರಬೇಕೆಂದು ಅವನು ಕೇಳಿದಾಗ ವೈದ್ಯೆ, ಸದ್ಯಕ್ಕೆ ಇಲ್ಲಿಗೇ ಬಾ ಎಂದು ಹೇಳಿ, ಅವನಿಗೆ ಕೊಟ್ಟ ಔಷಧಗಳ ಒಟ್ಟು ಪ್ರಮಾಣವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಹೃದಯಕ್ಕೆ ತಾಗಬಹುದಾದ ಡಾನೊರುಬಿಸಿನ್ ಎದುರಿನ ಅಂಕಿಗೆ ಗೆರೆ ಎಳೆದು, ಕಾಲಕಾಲಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕೆಂದೂ ಬೇರೆ ಯಾವ ವೈದ್ಯರ ಬಳಿಗೆ ಹೋದರೂ ಈ ಹಾಳೆ ತೋರಿಸಬೇಕೆಂದೂ ಅವನಿಗೇ ಹೇಳಿದರು, ಅಕ್ಕನಿಗಲ್ಲ. ಅವನು ಅದನ್ನು ಪಿಯುಸಿ ಅಂಕಪಟ್ಟಿಯ ಜೊತೆ ತನ್ನ ಫೈಲಿನಲ್ಲಿ ಇಟ್ಟುಕೊಂಡಿದ್ದಾನೆ.