ಕಾಲೂರಬಾರದ ನೆಲದ ಮೇಲೆ ಒಂದು ದಿನ

ಲಕ್ಷದ್ವೀಪದ ಅಗತ್ತಿ ದ್ವೀಪದ ಜೆಟ್ಟಿಯ ಮೇಲೆ ಬೆಳಗಿನ ಏಳೂವರೆಗೆ ನಾವು ಹನ್ನೊಂದು ಮಂದಿ ಸೇರಿದಾಗ ನಮ್ಮ ಮಾರ್ಗದರ್ಶಿ ಮೊದಲು ಆಡಿದ ಮಾತು ಮೀನುಗಳ ಬಗ್ಗೆ ಆಗಿರಲಿಲ್ಲ, ಈಜಿನ ಬಗ್ಗೆಯೂ ಆಗಿರಲಿಲ್ಲ. "ನೀರಿಗಿಳಿದ ಮೇಲೆ ಎಲ್ಲಿಯೂ ಕಾಲೂರಬೇಡಿ. ಸುಸ್ತಾದರೆ ಬೆನ್ನ ಮೇಲೆ ಮಲಗಿ ತೇಲಿ, ಕೈಯೆತ್ತಿ ನನ್ನನ್ನು ಕರೆಯಿರಿ. ಆದರೆ ನಿಲ್ಲಬೇಡಿ" ಎಂದು ಹಿಂದಿಗೆ ಮಲಯಾಳ ಬೆರೆಸಿ ಎರಡು ಸಲ ಹೇಳಿದ. ಆತ ಅಗತ್ತಿಯಲ್ಲಿಯೇ ಹುಟ್ಟಿ ಬೆಳೆದ, ಮೂವತ್ತರ ಆಸುಪಾಸಿನ ಯುವಕ. ಅಕ್ಕನ ಹನ್ನೆರಡು ವರ್ಷದ ಮಗಳು ಆ ಮಾತನ್ನು ನನಗೂ ನನ್ನ ಅಕ್ಕನಿಗೂ ಕನ್ನಡದಲ್ಲಿ ಇನ್ನೊಮ್ಮೆ ಒಪ್ಪಿಸಿದಳು.

ಲಕ್ಷದ್ವೀಪಕ್ಕೆ ಹೋಗಬೇಕೆಂಬುದು ಅಕ್ಕನ ಹಳೆಯ ಆಸೆ. ಪ್ರವೇಶಕ್ಕೆ ಅನುಮತಿ ಪತ್ರ ಬೇಕು, ಮಳೆಗಾಲದಲ್ಲಿ ಕಡಲು ಒರಟಾಗುತ್ತದೆ, ಹೀಗಾಗಿ ನಾವು ಆರಿಸಿಕೊಂಡದ್ದು ಫೆಬ್ರುವರಿ. ಕೊಚ್ಚಿಯಿಂದ ಅಗತ್ತಿಗೆ ಸುಮಾರು 460 ಕಿಲೋಮೀಟರ್ ದೂರ. ಚಿಕ್ಕ ಎಟಿಆರ್ ವಿಮಾನವು ಒಂದೂಕಾಲು ಗಂಟೆ ಬರಿಯ ನೀರಿನ ಮೇಲೆ ಹಾರಿದ ನಂತರ, ಕಡುನೀಲಿಯ ನಡುವೆ ತೆಳು ಹಸಿರಿನ ಒಂದು ತಟ್ಟೆಯೂ ಅದರ ಅಂಚಿನಲ್ಲಿ ತೆಂಗಿನ ತೋಪಿನ ಒಂದು ಸಣ್ಣ ಪಟ್ಟಿಯೂ ಕಾಣಿಸಿದವು. ಆ ಪಟ್ಟಿಯೇ ಅಗತ್ತಿ. ಅದರ ದಕ್ಷಿಣದ ತುದಿಯಲ್ಲಿ ರನ್‌ವೇಯ ಎರಡೂ ಬದಿಗೆ ಸಮುದ್ರವೇ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸೇರಿಸಿದರೂ 32 ಚದರ ಕಿಲೋಮೀಟರ್ ಮಾತ್ರ, ಅವುಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ.

ನಮಗೂ ಆ ದ್ವೀಪಗಳಿಗೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಾವು ಕನ್ನಡದವರೆಂದು ತಿಳಿದೊಡನೆ ಮಾರ್ಗದರ್ಶಿಯು ಮೊದಲು ಎತ್ತಿದ್ದು ಮಂಗಳೂರಿನ ಹೆಸರನ್ನೇ. ಅವನ ಅಜ್ಜನ ಕಾಲದಲ್ಲಿ 'ಓಡಂ' ಎನ್ನುವ ಹಾಯಿ ಹಡಗುಗಳಲ್ಲಿ ತೆಂಗಿನ ನಾರಿನ ಹುರಿ, ಬೆಲ್ಲ, ಕೊಬ್ಬರಿ ತುಂಬಿಕೊಂಡು ಮಂಗಳೂರಿಗೂ ಕಲ್ಲಿಕೋಟೆಗೂ ಹೋಗಿ ಅಕ್ಕಿ ತರುತ್ತಿದ್ದರಂತೆ. ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಸರಕು ಸಾಗುವ ರೂಢಿ ಇಂದಿಗೂ ನಿಂತಿಲ್ಲ. ಅಗತ್ತಿಯ ಉತ್ತರಕ್ಕೂ ಈಶಾನ್ಯಕ್ಕೂ ಇರುವ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ದ್ವೀಪಗಳು ಟಿಪ್ಪು ಸುಲ್ತಾನನ ಆಳ್ವಿಕೆಗೆ ಒಳಪಟ್ಟಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಕಂಪನಿಯ ವಶವಾಗಿ, 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಕರ್ನಾಟಕ ಏಕೀಕರಣಗೊಂಡ ಅದೇ ದಿನ ಅವು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿಕೊಂಡವು. ಶಾಲೆಯಲ್ಲಿ ನವೆಂಬರ್ ಒಂದನ್ನು ಇಷ್ಟು ವರ್ಷ ಆಚರಿಸಿದ ನನಗೆ ಈ ಸಂಗತಿ ಗೊತ್ತಿರಲಿಲ್ಲವೆಂಬುದು ನಿಜಕ್ಕೂ ಬೇಸರ ತಂದಿತು.

ದೋಣಿ ಹೊರಟು ಹತ್ತು ನಿಮಿಷವಾಗಿರಲಿಲ್ಲ, ಲಗೂನಿನ, ಅಂದರೆ ಹವಳದ ದಿಬ್ಬ ಸುತ್ತುವರಿದ ಆಳವಿಲ್ಲದ ಕಡಲಿನ, ತಿಳಿನೀರಿನಲ್ಲಿ ಎಂಜಿನ್ ತಗ್ಗಿಸಿ ಮಾರ್ಗದರ್ಶಿ ಬೆರಳು ತೋರಿದ. ಹಸಿರು ಕಡಲಾಮೆಯೊಂದು ಎರಡಾಳು ಆಳದಲ್ಲಿ ಮರಳಿಗೆ ಬಾಯಿ ಹಚ್ಚಿ ಮೇಯುತ್ತಿತ್ತು. ಮೇಯುವುದು ಎಂಬುದೇ ಸರಿಯಾದ ಮಾತು: ಅದು ತಿನ್ನುತ್ತಿದ್ದುದು ಕಡಲಹುಲ್ಲು, ನಮ್ಮ ಗದ್ದೆ ಬದುವಿನ ಹುಲ್ಲಿನಂತೆಯೇ ಬೇರು, ಎಲೆ, ಹೂವು ಇರುವ ನಿಜವಾದ ಸಸ್ಯ. ಮಗು ಸಂತೋಷದಿಂದ ಕೂಗಿದಳು. ಮಾರ್ಗದರ್ಶಿ ಮಾತ್ರ ಗಂಭೀರವಾಗಿಯೇ ಇದ್ದ. ಅವನು ಚಿಕ್ಕವನಾಗಿದ್ದಾಗ ಈ ಲಗೂನಿನಲ್ಲಿ ಆಮೆಗಳು ಮಂದೆಮಂದೆಯಾಗಿದ್ದವು. ಅವು ಹುಲ್ಲನ್ನು ಬುಡದವರೆಗೆ ಮೇಯ್ದು ಮುಗಿಸಿದ್ದರಿಂದ ಹುಲ್ಲಿನ ನಡುವೆ ಮರಿಯಿಡುವ ಮೀನುಗಳು ಕಡಿಮೆಯಾಗಿ, ಮೀನುಗಾರರಿಗೂ ಆಮೆಗಳಿಗೂ ಹಗೆಯೇ ಹುಟ್ಟಿತ್ತು. ಆಮೆಯನ್ನು ಕೊಲ್ಲುವುದು ಅಪರಾಧ, ಬಿಟ್ಟರೆ ಬಲೆ ಖಾಲಿ. ಹುಲ್ಲು ತೀರಿದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನುಗಳತ್ತ ಸರಿದವು. ಇಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ವಿಜ್ಞಾನಿಗಳೂ ಇದನ್ನೇ ದಾಖಲಿಸಿದ್ದಾರೆಂದು ಊರಿಗೆ ಮರಳಿ ಓದಿದಾಗ ತಿಳಿಯಿತು. ದನಗಳನ್ನು ಒಂದೇ ಗೋಮಾಳದಲ್ಲಿ ವರ್ಷವಿಡೀ ಬಿಟ್ಟರೆ ಏನಾಗುತ್ತದೆಂದು ಬಲ್ಲ ನಮಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಗೂನಿನ ಬಾಯಿ ದಾಟಿದೊಡನೆ ನೀರಿನ ಬಣ್ಣ ಒಮ್ಮೆಲೇ ಶಾಯಿಯಂತಾಯಿತು. ಅಲೆಗಳು ದೋಣಿಯನ್ನು ಎತ್ತಿ ಇಳಿಸತೊಡಗಿದವು, ಅಕ್ಕ ಕಣ್ಣುಮುಚ್ಚಿ ಕುಳಿತಳು. ಒಂದು ಗಂಟೆಗೂ ಮಿಕ್ಕಿದ ಆ ಹಾದಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಂಗಾರಂ ಲಗೂನಿನೊಳಗೆ ಹೊಕ್ಕಾಗ ನೀರು ಮತ್ತೆ ಹಸಿರಾಯಿತು. ಬಂಗಾರಂ, ತಿನ್ನಕರ ಮತ್ತು ಪರಳಿಯ ತುಣುಕು ದ್ವೀಪಗಳು ಒಂದೇ ಹವಳದ ಬಳೆಯೊಳಗಿನ ನೆರೆಯವರು. ಇಂಥ ಬಳೆಯಾಕಾರದ ದ್ವೀಪಗಳು ಹೇಗೆ ಹುಟ್ಟುತ್ತವೆಂಬುದಕ್ಕೆ 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಕೊಟ್ಟ ವಿವರಣೆಯನ್ನು ಪಠ್ಯದಲ್ಲಿ ಓದಿದ್ದೆ: ಜ್ವಾಲಾಮುಖಿಯ ಬೆಟ್ಟ ನಿಧಾನವಾಗಿ ಕುಸಿಯುತ್ತದೆ, ಅದರ ಸುತ್ತ ಬೆಳೆದ ಹವಳ ಬೆಳಕನ್ನು ಅರಸಿ ಮೇಲಕ್ಕೇರುತ್ತ ಹೋಗುತ್ತದೆ, ಕೊನೆಗೆ ಬೆಟ್ಟ ಮುಳುಗಿ ಬಳೆಯೊಂದೇ ಉಳಿಯುತ್ತದೆ. ಅಂದರೆ ಇಲ್ಲಿ ಕಾಲಡಿಯ ನೆಲವೆಂಬುದೆಲ್ಲ ಜೀವಿಗಳು ಕಟ್ಟಿದ್ದು. ಮಣ್ಣೂ ಇಲ್ಲ, ಕರಿಕಲ್ಲೂ ಇಲ್ಲ.

ತಿನ್ನಕರದ ಬಳಿ ಲಂಗರು ಹಾಕಲಿಲ್ಲ. ಲಂಗರು ಹವಳವನ್ನು ಉಳುತ್ತದೆಂದು ಮರಳಿನ ಬಯಲು ಹುಡುಕಿ ಅಲ್ಲಿ ದೋಣಿಯನ್ನು ನಿಲ್ಲಿಸಿಕೊಂಡು, ಮಾರ್ಗದರ್ಶಿ ಕೆಂಪು ಬಳೆತೇಲಿಯನ್ನು ನೀರಿಗೆಸೆದ. ಅದರ ಹಗ್ಗ ಹಿಡಿದುಕೊಂಡು ನಾಲ್ವರಂತೆ ಹೋಗಬೇಕು, ಉಳಿದವರು ಕಾಯಬೇಕು. ಮಾಸ್ಕಿನ ಗಾಜಿನ ಒಳಗೆ ಉಗುಳಿ ಬೆರಳಿನಿಂದ ಉಜ್ಜಿ ಕಡಲನೀರಿನಲ್ಲಿ ತೊಳೆದರೆ ಹಬೆ ಕಟ್ಟುವುದಿಲ್ಲ. ಬಾಯಿಯಿಂದಲೇ ಉಸಿರಾಡಬೇಕು. ಕೊಳವೆಗೆ ನೀರು ನುಗ್ಗಿದರೆ 'ತೂ' ಎಂದು ಜೋರಾಗಿ ಊದಬೇಕು. ಕೇಳುವುದಕ್ಕೆ ಇವೆಲ್ಲ ಸುಲಭ. ನಾನು ಈಜು ಕಲಿತದ್ದು ಹಾಸನದ ಕಡೆಯ ನಮ್ಮ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಆ ಈಜಿನ ಮೊದಲ ಪಾಠವೇ ತಲೆಯನ್ನು ನೀರಿನ ಮೇಲಿಡುವುದು. ಮುಖವನ್ನು ನೀರಿಗೆ ಒಪ್ಪಿಸಿ ಕಣ್ಣು ತೆರೆದು ಉಸಿರಾಡುವುದಕ್ಕೆ ದೇಹ ಒಪ್ಪಲು ಸುಮಾರು ಹೊತ್ತು ಹಿಡಿಯಿತು.

ಒಪ್ಪಿದ ಮೇಲೆ ಮೊದಲು ಬಂದದ್ದು ಸದ್ದು. ಕಡಲೊಳಗೆ ಮೌನವಿರುತ್ತದೆಂದು ಎಣಿಸಿದ್ದೆ. ಇಲ್ಲಿ ಸಣ್ಣಗೆ ಚಟಪಟ ಎನ್ನುವ, ಒಗ್ಗರಣೆಗೆ ಬಿದ್ದ ಸಾಸಿವೆಯಂಥ ಸದ್ದು ಎಲ್ಲೆಡೆಯಿಂದ ಬರುತ್ತಿತ್ತು. ಅದರ ಮೇಲೆ ಆಗಾಗ ಯಾರೋ ಕಲ್ಲುಸಕ್ಕರೆ ಕಡಿದಂತೆ 'ಕಟಂ' ಎಂಬ ಶಬ್ದ. ಮಾರ್ಗದರ್ಶಿ ನನ್ನ ಭುಜ ತಟ್ಟಿ ಕೆಳಗೆ ತೋರಿದ. ಮೊಳದುದ್ದದ ಗಿಳಿಮೀನೊಂದು, ಗಿಣಿಯ ಕೊಕ್ಕಿನಂಥ ಹಲ್ಲಿನಿಂದ ಬಂಡೆಯನ್ನು ಕಚ್ಚಿ, ಪಾಚಿಯನ್ನು ಕೆರೆದು ನುಂಗಿ, ಸ್ವಲ್ಪ ಮುಂದೆ ಸಾಗಿ ಹಿಂದಿನಿಂದ ಬಿಳಿಯ ಪುಡಿಯ ಮೋಡವೊಂದನ್ನು ಬಿಟ್ಟಿತು. ಆ ಪುಡಿ ನಿಧಾನಕ್ಕೆ ಇಳಿದು ಕೆಳಗಿನ ಮರಳಿನೊಂದಿಗೆ ಬೆರೆಯಿತು. ದೊಡ್ಡ ಗಿಳಿಮೀನು ಹೀಗೆ ವರ್ಷಕ್ಕೆ ನೂರಾರು ಕಿಲೋ ಮರಳನ್ನು ತಯಾರಿಸುತ್ತದೆ. ಹಿಂದಿನ ಸಂಜೆ ನಾವು ಬರಿಗಾಲಿನಲ್ಲಿ ನಡೆದು ಸುಖಿಸಿದ್ದ ಆ ಬೆಳ್ಳನೆಯ ದಂಡೆಯ ಬಹುಪಾಲು ಹೀಗೆ ಬಂದದ್ದೆಂದು ತಿಳಿದು ಮೀನಿನ ಬೆನ್ನ ಹಿಂದೆಯೇ ಬಹಳ ಹೊತ್ತು ತೇಲಿದೆ.

ಬೇರೆ ಮೀನುಗಳನ್ನೂ ಕಂಡೆ. ಬೆನ್ನಿಗೆ ಹಳದಿ ರೆಕ್ಕೆಯಿರುವ ತಿಳಿನೀಲಿ ಮೀನುಗಳ ಹಿಂಡೊಂದು ಮದುವೆ ಮನೆಗೆ ಹೊರಟವರಂತೆ ಒಟ್ಟಾಗಿ ಸಾಗಿಹೋಯಿತು. ಕಡಲಹೂವಿನ ತೋಳುಗಳ ನಡುವೆ ಕಿತ್ತಳೆ ಬಣ್ಣದ ಜೋಡಿ ಮೀನು ಇಣುಕುತ್ತಿದ್ದವು. ಬೇರೆ ಮೀನಿಗೆ ಚುಚ್ಚುವ ಆ ತೋಳುಗಳು ಮೈಯ ಲೋಳೆಯ ರಕ್ಷಣೆಯಿಂದಾಗಿ ಇವಕ್ಕೆ ಮನೆ.

ಆಮೇಲೆ ನಡೆದದ್ದನ್ನು ಬರೆಯುವಾಗ ಈಗಲೂ ಮನಸ್ಸು ಕುಗ್ಗುತ್ತದೆ. ನನಗೆ ಕೊಟ್ಟ ಮಾಸ್ಕಿನ ರಬ್ಬರ್ ಒಂದು ಕಡೆ ಸೀಳಿತ್ತು. ಅದನ್ನು ದೋಣಿಯಲ್ಲಿಯೇ ಗಮನಿಸಿದ್ದೆ, ಹೇಳಲು ಸಂಕೋಚಪಟ್ಟು ಸುಮ್ಮನಿದ್ದೆ. ಹವಳದ ದಿಬ್ಬವೊಂದರ ಮೇಲೆ ತೇಲುತ್ತಿದ್ದಾಗ ಮಾಸ್ಕಿನೊಳಗೆ ನೀರು ಮೂಗಿನವರೆಗೆ ಏರಿತು, ಗಾಬರಿಯಲ್ಲಿ ಮೂಗಿನಿಂದ ಉಸಿರೆಳೆದೆ, ಕೆಮ್ಮಿದೆ, ಕಾಲು ತಾನಾಗಿಯೇ ಕೆಳಗಿಳಿಯಿತು. ಪಾದದ ಕೆಳಗೆ ಹಪ್ಪಳ ಮುರಿದಂಥ ಅನುಭವ. ಮಾರ್ಗದರ್ಶಿ ಕ್ಷಣದಲ್ಲಿ ಬಂದು ತೋಳಿನ ಕೆಳಗೆ ಕೈಕೊಟ್ಟು ನನ್ನನ್ನು ಎತ್ತಿದ. ಉಸಿರು ತಹಬಂದಿಗೆ ಬಂದ ಮೇಲೆ ಕೆಳಗೆ ನೋಡಿದೆ. ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳದ ಗೇಣುದ್ದದ ರೆಂಬೆ ತುಂಡಾಗಿ ಮರಳಿನ ಮೇಲೆ ಬಿದ್ದಿತ್ತು. ಮುರಿದ ಬಾಯಿ ಸುಣ್ಣದಷ್ಟು ಬಿಳಿ, ಹೊರಮೈ ಕಂದು, ಕವಲಿನ ತುದಿಗಳು ಮಾತ್ರ ತೆಳು ನೀಲಿ. ಆ ನೀಲಿ ತುದಿಗಳೇ ಬೆಳೆಯುವ ಚಿಗುರು. ಈ ಜಾತಿ ಚೆನ್ನಾಗಿ ಬೆಳೆದರೆ ವರ್ಷಕ್ಕೆ ನಾಲ್ಕೈದು ಬೆರಳಷ್ಟು ಉದ್ದವಾಗುತ್ತದೆ, ದುಂಡು ಬಂಡೆಯಂಥ ಹವಳವಾದರೆ ಒಂದು ಸೆಂಟಿಮೀಟರ್ ಮಾತ್ರ. ದುಂಡು ಹವಳದ ಮೇಲೆ ಬಿದ್ದಿದ್ದರೆ ನನ್ನ ಪಾದ ಗೀಚಿ ಹೋಗುತ್ತಿತ್ತು, ಅದಕ್ಕೆ ಅಷ್ಟು ಪೆಟ್ಟಾಗುತ್ತಿರಲಿಲ್ಲ. ನನ್ನ ಭಾರ ಬಿದ್ದದ್ದು ಎಳೆಯದರ ಮೇಲೆ.

ಕ್ಷಮೆ ಕೇಳಿದೆ. ಆತ ಗದರಲಿಲ್ಲ. ತುಂಡನ್ನು ಎತ್ತಿ ಹತ್ತಿರದ ಬಂಡೆಯ ಸಂದಿಯಲ್ಲಿ, ನೀಲಿ ತುದಿಗಳು ಮೇಲೆ ಬರುವಂತೆ, ಎಲೆಬಳ್ಳಿಯ ಕುಡಿ ನೆಡುವವರ ಎಚ್ಚರದಿಂದ ಸಿಕ್ಕಿಸಿದ. ಅಲುಗಾಡದೆ ನಿಂತರೆ ಕೆಲವೊಮ್ಮೆ ಅದು ಬೇರೂರುವುದುಂಟು. ದೋಣಿಗೆ ಬಂದ ಮೇಲೆ ನನಗೆ ಬೇರೆ ಮಾಸ್ಕ್ ಕೊಟ್ಟು, ಸೀಳಿದ್ದನ್ನು ಚಾಕುವಿನಿಂದ ಎರಡು ಭಾಗ ಮಾಡಿ ಬುಟ್ಟಿಗೆ ಹಾಕಿದ.

ಎರಡನೆಯ ಸಲ ಇಳಿದಾಗ ನನ್ನ ಕಣ್ಣು ಮೀನಿನ ಕಡೆ ಹೋಗಲಿಲ್ಲ. ಸತ್ತ ಹವಳ ಮತ್ತು ಬದುಕಿರುವ ಹವಳವನ್ನು ಗುರುತಿಸುವುದನ್ನು ಆತ ಕಲಿಸಿದ. ಬದುಕಿರುವುದರ ಮೈ ಮಖಮಲ್ಲಿನಂತೆ, ಹತ್ತಿರ ಹೋದರೆ ಚುಕ್ಕೆಚುಕ್ಕೆಯಾಗಿ ಬಾಯಿಗಳು. ಸತ್ತದ್ದರ ಮೇಲೆ ಬೂದು ಪಾಚಿಯ ಜಮಖಾನ. ನಾವು ಹೋದ ಜಾಗದಲ್ಲಿ ಬೂದು ಬಣ್ಣದ್ದೇ ಹೆಚ್ಚು. ಒಂದು ಕಾಲಕ್ಕೆ ಊಟದ ಮೇಜಿನಷ್ಟು ಅಗಲವಿದ್ದ ಚಪ್ಪಟೆ ಹವಳಗಳು ಕಾಲು ಮುರಿದ ಸ್ಥಿತಿಯಲ್ಲಿ ಮಗುಚಿ ಬಿದ್ದಿದ್ದವು. ಹವಳದ ಅಂಗಾಂಶದೊಳಗೆ ಒಂದು ಬಗೆಯ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಣ್ಣವೂ ಊಟದ ಬಹುಪಾಲೂ ಹವಳಕ್ಕೆ ಅದರಿಂದಲೇ. ನೀರಿನ ತಾಪ ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಮೇಲೇರಿ ವಾರಗಟ್ಟಲೆ ಹಾಗೆಯೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ತಾಪ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ ಇದು 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ನಡೆಯಿತು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 24 ವರ್ಷ ನಡೆದ ಅಧ್ಯಯನವೊಂದರ ಪ್ರಕಾರ 1998ರಿಂದೀಚೆಗೆ ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ. "ಹಿಂದೆ ಒಂದು ಬರಕ್ಕೂ ಇನ್ನೊಂದು ಬರಕ್ಕೂ ನಡುವೆ ಚಿಗುರಲು ಸಮಯವಿರುತ್ತಿತ್ತು" ಎಂದ ಆತ. ಅವನು ಬಳಸಿದ ಮಲಯಾಳ ಪದ ಬೇರೆ, ಆದರೆ ನನಗೆ ಕೇಳಿಸಿದ್ದು ಬರ ಎಂದೇ.

ಊಟ ಬಂಗಾರಂ ದ್ವೀಪದ ತೆಂಗಿನ ನೆರಳಿನಲ್ಲಿ: ಅನ್ನ, ತೆಂಗಿನಹಾಲಿನ ಸಾರು, ಹುರಿದ ಟ್ಯೂನಾ, ಅಂದರೆ ಅಲ್ಲಿಯವರ 'ಚೂರ'. ಇಲ್ಲಿ ಟ್ಯೂನಾ ಹಿಡಿಯುವುದು ಗಾಳದ ಕೋಲಿನಿಂದ, ಒಂದೊಂದಾಗಿ. ಲಗೂನಿನಲ್ಲಿ ಹಿಡಿದ ಜೀವಂತ ಮರಿಮೀನನ್ನು ಎಸೆದು ಹಿಂಡನ್ನು ಸೆಳೆಯುತ್ತಾರೆ. ಆ ಮರಿಮೀನು ಬೆಳೆಯುವುದು ಇದೇ ಹವಳದ ಸಂದಿಗಳಲ್ಲಿ. ಮಗು ದಂಡೆಯಲ್ಲಿ ಆಯ್ದ ಬಿಳಿ ಹವಳದ ತುಂಡೊಂದನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಾಗ, ಸತ್ತದ್ದಾದರೂ ಹವಳವನ್ನು ಒಯ್ಯುವಂತಿಲ್ಲವೆಂದು ಆತ ತಡೆದ. ವನ್ಯಜೀವಿ ಕಾಯಿದೆ ಹವಳಕ್ಕೂ ಅನ್ವಯಿಸುತ್ತದೆ. ಅವಳು ತುಂಡನ್ನು ಎತ್ತಿಕೊಂಡ ಜಾಗವನ್ನೇ ಹುಡುಕಿ ಅಲ್ಲಿಟ್ಟು ಬಂದಳು.

ಹಿಂದಿರುಗುವಾಗ ದೋಣಿಯನ್ನು ಆತ ಸ್ವಲ್ಪ ಬಳಸಿ ನಡೆಸಿದ. ಲಗೂನಿನ ಅಂಚಿನಲ್ಲಿ, ಹೊರಗಡೆ ಅಲೆ ಒಡೆಯುವ ನೊರೆಗೆರೆಯಿಂದ ಕೊಂಚ ಒಳಗೆ, ಎಂಜಿನ್ ನಿಲ್ಲಿಸಿದ. ಸುತ್ತಲೂ ನೀರು, ಮತ್ತೇನೂ ಇಲ್ಲ. ಇಲ್ಲಿ ಪರಳಿ-1 ಎಂಬ ದ್ವೀಪವಿತ್ತು ಎಂದ. 1968ರಲ್ಲಿ ಅದರ ವಿಸ್ತೀರ್ಣ 0.032 ಚದರ ಕಿಲೋಮೀಟರ್ ಇತ್ತೆಂದೂ, ಅಲೆಗಳ ಕೊರೆತಕ್ಕೆ ಪೂರ್ತಿ ಕರಗಿ ಹೋಯಿತೆಂದೂ 2017ರಲ್ಲಿ ಹೊರಬಂದ ಸಂಶೋಧನೆಯೊಂದು ತಿಳಿಸಿತು. ಪಕ್ಕದ ಪರಳಿ-2 ನೂರಕ್ಕೆ ಎಂಬತ್ತರಷ್ಟು ನೆಲ ಕಳೆದುಕೊಂಡಿದೆ. ಮುಳುಗಿದ ಪರಳಿ-1 ಎಷ್ಟಿತ್ತೆಂದು ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ: ಹತ್ತಿರಹತ್ತಿರ ಎಂಟು ಎಕರೆ. ಅಣ್ಣತಮ್ಮಂದಿರ ನಡುವೆ ಪಾಲಾಗುವ ಮುಂಚೆ ನಮ್ಮ ಅಜ್ಜನ ಹೊಲ ಇದ್ದದ್ದು ಅಷ್ಟೇ.

ಅಕ್ಕ ನೀರಿನ ಮೇಲೆ ಬಾಗಿ ನೋಡುತ್ತಿದ್ದಳು. ಎಷ್ಟು ಆಳವಿದೆ ಎಂದು ಮಗು ಕೇಳಿದಳು. ಮಾರ್ಗದರ್ಶಿ ದೋಣಿಯ ಗಳುವನ್ನು ತೆಗೆದು ನೇರವಾಗಿ ಇಳಿಸಿದ. ಅರ್ಧಕ್ಕೂ ಮುಂಚೆಯೇ ಅದರ ತುದಿ ಮರಳಿಗೆ ತಾಕಿತು. ಇಲ್ಲಿ ನಿಲ್ಲಬಹುದೇ ಎಂದು ಅವಳು ಮತ್ತೆ ಕೇಳಿದಳು. ಆತ ಕೆಳಗೆ ಬಗ್ಗಿ ಹವಳವಿಲ್ಲವೆಂದು ಖಚಿತಪಡಿಸಿಕೊಂಡು, ಅವಳ ಎರಡೂ ಕೈ ಹಿಡಿದು ದೋಣಿಯ ಅಂಚಿನಿಂದ ನಿಧಾನವಾಗಿ ಇಳಿಸಿದ. ನೀರು ಅವಳ ಎದೆಯವರೆಗೆ ಬಂತು.