ಕಾರಂಜಾದ ತಂತಿ ಮೇಲೆ ಬಿಳಿ ಹೊಟ್ಟೆಯ ಹಕ್ಕಿ

ಬೀದರ್‌ನಲ್ಲಿ 1472ರ ಗವಾನ್ ಮದ್ರಸಾ ಎಂಬ ಹಳೆಯ ವಿದ್ಯಾಲಯದ ಗೋಡೆಯ ನೀಲಿ ಹೆಂಚುಗಳನ್ನು ಕಣ್ತುಂಬ ನೋಡಿದೆವು. ಕೋಟೆಯ ಕಮಾನುಗಳಲ್ಲಿ ಪುಟ್ಟ ಸ್ವಿಫ್ಟ್ ಹಕ್ಕಿಗಳು ಕಿರುಚುತ್ತಾ ಸುತ್ತುತ್ತಿದ್ದವು. ಕಪ್ಪು ಮೈ, ಸೊಂಟದ ಮೇಲೆ ಬಿಳಿ ಪಟ್ಟಿ.

ಮರುದಿನ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ. ಜನವರಿ ಬೆಳಗು. ಕರೆಂಟ್ ತಂತಿ ತುಂಬಾ ಮಾಮೂಲಿ ಕವಲುತೋಕೆಗಳು (ಸ್ವಾಲೋ) ಕೂತಿದ್ದವು. ನಡುವೆ ಒಂದು ಮಾತ್ರ ಗುಂಡಗೆ, ಗಿಡ್ಡ ಬಾಲ, ಸೊಂಟ ಬಿಳಿ.

"ಸ್ವಿಫ್ಟ್ ಅಲ್ವಾ?" ಎಂದಳು ಗೆಳತಿ. ಸ್ವಿಫ್ಟ್ ತಂತಿ ಮೇಲೆ ಕೂರೋದಿಲ್ಲ. ಅದರ ಕಾಲು ಗೋಡೆಗೆ ಜೋತುಬೀಳಲಿಕ್ಕೆ ಸರಿ, ಅಷ್ಟೇ. ದುರ್ಬೀನು ಹಿಡಿದೆ. ಗದ್ದದಿಂದ ಕೆಳಗೆಲ್ಲ ಅಚ್ಚ ಬಿಳಿ. ಬೆನ್ನು ಕಡುನೀಲಿ. ಕಾಲಿಗೆ ಬೆರಳವರೆಗೂ ಬಿಳಿ ಪುಕ್ಕ, ಕಾಲುಚೀಲ ಹಾಕಿದ ಹಾಗೆ. ಹೌಸ್ ಮಾರ್ಟಿನ್! ನಮ್ಮ ಕಡೆ ಚಳಿಗಾಲದಲ್ಲಿ ಅಪರೂಪಕ್ಕೆ ಸಿಗುವ ಕವಲುತೋಕೆ ಬಳಗದ ಹಕ್ಕಿ. ಎದೆ ಹೊಡೆದುಕೊಳ್ಳುತ್ತಿತ್ತು.

ಆದರೆ ಇದರ ಹತ್ತಿರದ ನೆಂಟ ಏಷ್ಯನ್ ಹೌಸ್ ಮಾರ್ಟಿನ್ ಇದೆ. ಅದರ ಹೊಟ್ಟೆ ಮಾಸಲು, ರೆಕ್ಕೆಯ ಒಳಭಾಗ ಕಪ್ಪಗೆ. ಹಾಗಾಗಿ ಬರೀ ಬೆನ್ನಿನ ಫೋಟೋ ಸಾಲದು. ಹಾರುವಾಗ ಕೆಳಗಿನಿಂದ ತೆಗೆದದ್ದು ಬೇಕು. ಬಿಳಿ ಸೊಂಟ ಬಾಲದ ಕಡೆಗೆ ಎಲ್ಲಿವರೆಗೆ ಹರಡಿದೆ ಅನ್ನೋದೂ ಬೇಕು. ಪುಸ್ತಕ ತೆರೆಯುವ ಮೊದಲೇ ಕಂಡದ್ದನ್ನೆಲ್ಲ ಬರೆದುಕೊಂಡೆ. ಪುಸ್ತಕದ ಚಿತ್ರ ನೋಡಿದ ಮೇಲೆ ಕಣ್ಣು ಅದನ್ನೇ ಹುಡುಕುತ್ತೆ.

ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. "ಏನ್ ನೋಡ್ಲತ್ತೀರಿ ಅಕ್ಕೋರೆ?"

"ಆ ಬಿಳಿ ಹೊಟ್ಟೆ ಹಕ್ಕಿ, ಕಾಕಾ."

ದುರ್ಬೀನು ಕೊಟ್ಟೆ. ಬಹಳ ಹೊತ್ತು ನೋಡಿದರು. "ಕಾಲಿಗಿ ಪುಕ್ಕ ಅವಲ್ರೀ! ಇಂಥಾದ್ದು ನೋಡಿಲ್ಲ ನಾ."

"ಹಾರಿದಾಗ ಫೋಟೋ ಬೇಕು. ಮೇಲೆ ಹೋದ್ರೆ ಸಿಗಲ್ಲ."

"ಮಾಡ ಬರ್ಲತ್ತದ, ನೋಡ್ರಿ. ಮಾಡ ಮುಚ್ಚಿದ್ರ ಹುಳ ಕೆಳಗ ಇಳೀತಾವ, ಹಕ್ಕೀನೂ ಇಳೀತಾವ. ಕೂಡ್ರಿ ಸುಮ್ಮ."

ಕೂತೆವು. ಅವರು ಹೇಳಿದ್ದೇ ಆಯಿತು. ಮೋಡ ಕವಿದಾಗ ಹಕ್ಕಿ ನೀರಿನ ಮೇಲೆ ತಗ್ಗಿ ಹಾರಿತು. ರೆಕ್ಕೆಯೊಳಗಿನ ತಿಳಿಬಣ್ಣ, ಬಿಳಿ ಸೊಂಟ, ಬಾಲದ ಸಣ್ಣ ಕವಲು, ಎಲ್ಲ ಸಿಕ್ಕವು.

ವಾಪಸ್ ಕರೆದೊಯ್ಯಬೇಕಿದ್ದ ಕಾರು ಮಧ್ಯಾಹ್ನವಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಈಗಲೂ ಸಿಟ್ಟು ಬರುತ್ತೆ. ಪೂರ್ತಿ ಬಾಡಿಗೆ ಮೊದಲೇ ಕೊಡಬೇಡಿ, ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಳ್ಳಿ.

ರಾತ್ರಿ ಲಾಡ್ಜ್‌ನಲ್ಲಿ ಫೋಟೋಗಳನ್ನು ಇಬರ್ಡ್‌ಗೆ, ಅಂದರೆ ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣಕ್ಕೆ, ಹಾಕಿದೆ. ಸಮಯ, ಜಾಗ, ಜೊತೆಗಿದ್ದ ಹಕ್ಕಿಗಳು, ಏಷ್ಯನ್ ಮಾರ್ಟಿನ್ ಯಾಕಲ್ಲ ಅನ್ನೋದನ್ನೂ ಬರೆದೆ. ಮೋಡ ಬಂದಾಗ ತಗ್ಗಿ ಹಾರಿದ್ದನ್ನೂ, ಅದನ್ನು ಮೊದಲೇ ಹೇಳಿದ್ದು ಅಲ್ಲಿನ ಮೀನುಗಾರರು ಅಂತಲೂ ಸೇರಿಸಿದೆ.