ಬೋಲ್ಟ್ ತಾನೆ, ಯಾವುದಾದ್ರೂ ಕೊಡಿ

"ಬೋಲ್ಟ್ ತಾನೆ ಸಾರ್, ಯಾವುದಾದ್ರೂ ಕೊಡಿ."

"ಬಿದ್ರೆ ಯಾರ ಮೇಲೆ ಬೀಳತ್ತೆ?"

ಈ ಮಂಗಳವಾರ ಬೆಂಗಳೂರಿನ ಎಸ್‌ಪಿ ರೋಡಿನ ಒಂದು ನಟ್-ಬೋಲ್ಟ್ ಅಂಗಡಿಯಲ್ಲಿ ಕೇಳಿಸಿಕೊಂಡ ಮಾತು. ಮೊದಲನೆಯದು ನನ್ನ ಪಕ್ಕ ನಿಂತಿದ್ದ ಹುಡುಗನದು. ಕುತ್ತಿಗೆಯಲ್ಲಿ ಕಂಪನಿ ಟ್ಯಾಗ್, ಕೈಯಲ್ಲಿ ಫೋನ್, ಫೋನಿನಲ್ಲಿ ತುಕ್ಕು ಹಿಡಿದ ಬೋಲ್ಟಿನ ಫೋಟೋ. ಎರಡನೆಯದು ಕೌಂಟರಿನ ಹಿಂದೆ ಕೂತಿದ್ದ ಹಿರಿಯರದು. ಕೇಳುವಾಗ ಅವರು ತಲೆ ಎತ್ತಿಯೂ ನೋಡಲಿಲ್ಲ, ತಕ್ಕಡಿಯಲ್ಲಿ ವಾಷರ್ ತೂಗುತ್ತಿದ್ದರು.

ಅಪಾರ್ಟ್‌ಮೆಂಟಿನ ಬ್ಯಾಸ್ಕೆಟ್‌ಬಾಲ್ ರಿಂಗ್ ಅಲ್ಲಾಡುತ್ತಿದೆಯಂತೆ. "ಆ ಕಡೆ ಹೋಗೋರು ಯಾರಾದ್ರೂ ಬೋಲ್ಟ್ ತಂದುಬಿಡಿ" ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ್ದಾರೆ. ಇವನು ಸಿಕ್ಕಿಬಿದ್ದಿದ್ದಾನೆ. ಫೋಟೋ ತೆಗೆದವರು ಒಬ್ಬರು, ತರುವವನು ಇನ್ನೊಬ್ಬ, ನಾಳೆ ಸ್ಪ್ಯಾನರ್ ಹಿಡಿಯುವವನು ಮತ್ತೊಬ್ಬ. ಪಾಪ, ಆ ಹುಡುಗನಿಗೆ 12 ಎಂಎಂ ಇರಬೇಕು ಎನ್ನುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ಮಲ್ಪೆಯಲ್ಲಿ ಭಾವನ ಮನೆ ತಾರಸಿಯ ಸೋಲಾರ್ ಪ್ಯಾನಲ್ಲಿನ ಬೋಲ್ಟುಗಳನ್ನು ತುಕ್ಕು ತಿಂದುಹಾಕಿದೆ. ಸ್ಯಾಂಪಲ್ ಅಂತ ಒಂದನ್ನು ಬಸ್ ಪಾರ್ಸೆಲ್ಲಿನಲ್ಲಿ ಕಳಿಸಿದ್ದರು. ಉಡುಪಿಯಲ್ಲೇ ಸಿಗುವ ವಸ್ತುವಿಗೆ ಬೆಂಗಳೂರಿನ ರೇಟ್ ಕೇಳುವುದು ನಮ್ಮ ಭಾವನ ಹಳೇ ಚಟ.

ಹಿರಿಯರು ಆ ಬೋಲ್ಟನ್ನು ಕೈಗೆ ತೆಗೆದುಕೊಂಡು ಸೈಜ್ ಕೇಳಲಿಲ್ಲ. "ಇದು ಎಲ್ಲಿತ್ತು?" ಎಂದರು. ಮಲ್ಪೆ, ಸಮುದ್ರದ ಹತ್ತಿರ ಅಂದೆ. "ಹಳದಿ ಪ್ಲೇಟಿಂಗ್ ಹಾಕಿ ಕೂರಿಸಿದ್ದಾರೆ. ಉಪ್ಪು ಗಾಳಿ ಬಿಡತ್ತಾ? 316 ತಗೊಳ್ಳಿ. 304 ಸಾಕು ಅಂತ ಯಾರಾದ್ರೂ ಹೇಳಿದ್ರೆ ಅವರ ಮನೆಗೇ ಹಾಕ್ಕೊಳ್ಳೋಕೆ ಹೇಳಿ."

ಸರಿಯಾಗಿಯೇ ಹೇಳಿದರು. 304, 316 ಎರಡೂ ಸ್ಟೇನ್‌ಲೆಸ್ ಸ್ಟೀಲಿನ ಬಗೆಗಳು. ಕೌಂಟರಿನಲ್ಲಿ ಎರಡಕ್ಕೂ ಎಸ್‌ಎಸ್ ಬೋಲ್ಟ್ ಎಂದೇ ಹೆಸರು, ನೋಡಲು ಎರಡೂ ಒಂದೇ. ಆದರೆ 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಎನ್ನುವ ಲೋಹ ಇರುತ್ತದೆ. ಉಪ್ಪಿನ ಗಾಳಿಗೆ ಸ್ಟೀಲಿನ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಗುಂಡಿ ಬೀಳುವುದನ್ನು ಅದು ಬಹಳ ಮಟ್ಟಿಗೆ ತಡೆಯುತ್ತದೆ. ಮ್ಯಾಗ್ನೆಟ್ ಹಿಡಿದು ಎರಡನ್ನೂ ಬೇರೆ ಮಾಡುತ್ತೇನೆ ಎನ್ನುವ ಜಾಣರಿದ್ದಾರೆ. ಆಗುವುದಿಲ್ಲ, ಎರಡೂ ಮ್ಯಾಗ್ನೆಟ್ಟಿಗೆ ಅಷ್ಟಾಗಿ ಅಂಟುವುದಿಲ್ಲ. ತಲೆಯ ಮೇಲಿನ ಗುರುತು ನೋಡಬೇಕು. 304ರ ಮೇಲೆ ಎ2 ಅಂತ ಇರುತ್ತದೆ, 316ರ ಮೇಲೆ ಎ4.

ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಹುಡುಗನದು ಮುಗಿಯಲಿಲ್ಲ.

"ಬಿದ್ರೆ ಯಾರ ಮೇಲೆ ಬೀಳತ್ತೆ?" ಎಂದಾಗ ಅವನು ಸ್ವಲ್ಪ ನಕ್ಕ. ತಮಾಷೆ ಅಂದುಕೊಂಡ. "ಮಕ್ಕಳು ಆಡ್ತಾರೆ" ಎಂದ. ಹಿರಿಯರು ಎಂಟು ಬೋಲ್ಟ್ ಎಣಿಸಿ ಇಟ್ಟರು. ತಲೆಯ ಮೇಲೆ 8.8 ಅಂತ, ಪಕ್ಕದಲ್ಲಿ ತಯಾರಕರ ಗುರುತು. ರೇಟ್ ಕೇಳಿ ಹುಡುಗ ಬೆಚ್ಚಿಬಿದ್ದ. ಒಳಗಿನ ಡಬ್ಬದಲ್ಲಿ ಕೆಜಿ ಲೆಕ್ಕದಲ್ಲಿ ಮಾರುವ ಎಂಎಸ್, ಅಂದರೆ ಸಾದಾ ಸ್ಟೀಲಿನ ಬೋಲ್ಟುಗಳಿದ್ದವು, ಅದೇ ದಪ್ಪ, ಅದೇ ಉದ್ದ. "ಅದು ಕೊಡಿ ಸಾರ್." "ಅದು ನಿಮಗಲ್ಲ." "ಯಾಕೆ?" "ತಲೆ ನೋಡಿ, ಏನಾದ್ರೂ ಬರೆದಿದ್ಯಾ? ಓದಿದೋರಲ್ವಾ ನೀವು?"

ಆ ಕೊನೆಯ ಮಾತು ಬೇಕಿರಲಿಲ್ಲ. ಹುಡುಗನ ಮುಖ ಕೆಂಪಾಯಿತು. "ಪಕ್ಕದಲ್ಲಿ ನೋಡ್ತೀನಿ" ಎಂದು ಹೊರಟ. ಆ ಬೀದಿಯಲ್ಲಿ ಪಕ್ಕದ ಅಂಗಡಿಗಳಿಗೆ ಏನು ಕೊರತೆ? ಹಿರಿಯರು ಎಂಟೂ ಬೋಲ್ಟನ್ನು ವಾಪಸ್ ಡಬ್ಬಕ್ಕೆ ಹಾಕಿದರು.

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ನಮ್ಮ ಮಾರ್ಕೆಟ್ಟಿನ ಹಿರಿಯರು ಹೀಗೇ. ತಿಳಿದಿರುವುದು ಬೆಟ್ಟದಷ್ಟು, ಹೇಳುವ ರೀತಿ ಮಾತ್ರ ಕೆನ್ನೆಗೆ ಹೊಡೆದ ಹಾಗೆ. ಮೂವತ್ತು ಸೆಕೆಂಡಿನಲ್ಲಿ ಹೇಳಿಬಿಡಬಹುದಿತ್ತು. 8.8 ಎನ್ನುವುದು ಬರೀ ನಂಬರ್ ಅಲ್ಲ, ಅದರಲ್ಲೇ ಲೆಕ್ಕ ಇದೆ. ಮೊದಲ 8ನ್ನು ನೂರರಿಂದ ಗುಣಿಸಿದರೆ 800. ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ಅದು ತುಂಡಾಗುವುದಿಲ್ಲ. ಚುಕ್ಕಿಯ ನಂತರದ 8 ಅಂದರೆ ಅದರ ಹತ್ತರಲ್ಲಿ ಎಂಟು ಪಾಲು, 640ರವರೆಗೆ ಎಳೆದು ಬಿಟ್ಟರೆ ಮತ್ತೆ ಮೊದಲಿನ ಉದ್ದಕ್ಕೇ ಬರುತ್ತದೆ. 4.6 ಅಂದರೆ 400 ಮತ್ತು 240. ಅಂಗಡಿ ಭಾಷೆಯಲ್ಲಿ 8.8 ಅಂದರೆ ಎಚ್‌ಟಿ (ಹೈ ಟೆನ್ಸೈಲ್), 4.6 ಅಂದರೆ ಎಂಎಸ್. ಇಷ್ಟು ಹೇಳಿದ್ದರೆ ಆ ಹುಡುಗ ಖಂಡಿತ ಕೇಳುತ್ತಿದ್ದ. ಲೆಕ್ಕ ಬರುವ ಮುಖವೇ ಅವನದು.

ಚಿಕ್ಕಪೇಟೆಯಲ್ಲಿ ಮೆಟ್ರೊ ಹತ್ತಿ ಕೂತ ಮೇಲೆ ತಲೆ ಸುಮ್ನಿರಲಿಲ್ಲ. ಪಾರ್ಸೆಲ್ ಕವರಿನ ಹಿಂದೆ ಲೆಕ್ಕ ಹಾಕಿದೆ. ರಿಂಗಿನ ಅಗಲ 45 ಸೆಂಟಿಮೀಟರ್, ಬೋರ್ಡಿಗೂ ರಿಂಗಿಗೂ ನಡುವೆ 15. ಅಂದರೆ ಆಚೆ ಅಂಚು ಬೋರ್ಡಿನಿಂದ 60 ಸೆಂಟಿಮೀಟರ್ ದೂರ. ಅಲ್ಲಿ 60 ಕೆಜಿಯ ಒಬ್ಬ ಹುಡುಗ ಜೋತುಬಿದ್ದ ಅನ್ನಿ. ಬ್ರಾಕೆಟ್ಟಿನ ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ 10 ಸೆಂಟಿಮೀಟರ್ ಅಂತರ ಎಂದರೆ, ಮೇಲಿನ ಎರಡು ಬೋಲ್ಟುಗಳ ಮೇಲೆ ಒಟ್ಟು 360 ಕೆಜಿ ಎಳೆತ. ಒಂದೊಂದಕ್ಕೆ 180. ಹಾರಿ ಹಿಡಿದು ಜಗ್ಗಿದರೆ ಮೂರು ಪಟ್ಟು ಅಂತಲೇ ಇಟ್ಟುಕೊಳ್ಳಿ, 540. ಎಂ12, ಅಂದರೆ 12 ಎಂಎಂ ಬೋಲ್ಟಿನ ಥ್ರೆಡ್ಡಿನಲ್ಲಿ ಎಳೆತ ತಡೆಯುವ ಜಾಗ 84.3 ಚದರ ಮಿಲಿಮೀಟರ್. 4.6 ಗ್ರೇಡ್ ಆದರೂ ಎರಡು ಟನ್ ಹತ್ತಿರ ಬರುವ ತನಕ ಅದು ವಾಪಸ್ ಬಾರದ ಹಾಗೆ ಹಿಗ್ಗುವುದಿಲ್ಲ.

ಯಶವಂತಪುರ ಬರುವಷ್ಟರಲ್ಲಿ ಗೊತ್ತಾಗಿದ್ದು ಇಷ್ಟು: ಕಾಗದದ ಮೇಲೆ ಆ ಹುಡುಗ ಹೇಳಿದ್ದೇ ಸರಿ! ಸಾದಾ ಬೋಲ್ಟ್ ಸಾಕು.

ಹಾಗಾದರೆ ಹಿರಿಯರು ಕೊಡಲಿಲ್ಲ ಯಾಕೆ? ಡಬ್ಬದಲ್ಲಿದ್ದ ಬೋಲ್ಟಿನ ತಲೆ ಬೋಳು. ಅದು 4.6 ಎಂದು ಹೇಳಿದ್ದು ಯಾರು? ನಾನೇ ಅಂದುಕೊಂಡಿದ್ದು. ಯಾವ ಕಬ್ಬಿಣವೋ, ಯಾರು ಮಾಡಿದ್ದೋ, ಯಾರಾದರೂ ಎಳೆದು ನೋಡಿದ್ದಾರೋ ಇಲ್ಲವೋ. ಗುಣಿಸಲು ನಂಬರೇ ಇಲ್ಲದ ಕಡೆ ನನ್ನ ಲೆಕ್ಕಕ್ಕೆ ಬೆಲೆ ಎಲ್ಲಿಯದು? ಗೇಟಿನ ಚಿಲಕಕ್ಕೆ, ರ‍್ಯಾಕಿಗೆ ಅದು ಧಾರಾಳವಾಗಿ ನಡೆಯುತ್ತದೆ, ನಾವೂ ಕೆಜಿಗಟ್ಟಲೆ ತರುತ್ತೇವೆ. ಹತ್ತು ಅಡಿ ಎತ್ತರದಲ್ಲಿ, ಕೆಳಗೆ ಮಕ್ಕಳಿರುವಾಗ ಬೇಡ.

ಇನ್ನೊಂದು ಅತಿರೇಕದ ಗಿರಾಕಿಗಳೂ ಇದ್ದಾರೆ. ಸ್ವಲ್ಪ ಹೆದರಿಸಿದರೆ ಸಾಕು, "ಇರೋದ್ರಲ್ಲೇ ಗಟ್ಟಿ ಕೊಡಿ, 12.9 ಹಾಕಿ" ಎನ್ನುತ್ತಾರೆ. ಗಟ್ಟಿ ಜಾಸ್ತಿಯಾದಷ್ಟೂ ಸ್ಟೀಲಿಗೆ ಬೇರೆ ರೋಗಗಳು ಬರುತ್ತವೆ. ಪ್ಲೇಟಿಂಗ್ ಹಾಕುವಾಗಲೋ ತುಕ್ಕು ಹಿಡಿಯುವಾಗಲೋ ಒಳಗೆ ಹೈಡ್ರೋಜನ್ ಸೇರಿಕೊಂಡರೆ, ಬಿಗಿ ಮಾಡಿ ಸ್ವಲ್ಪ ದಿನಕ್ಕೆ ಯಾರೂ ಮುಟ್ಟದೆಯೇ ಪಟ್ಟನೆ ಮುರಿಯುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ ಬೇ ಬ್ರಿಡ್ಜಿನ ಹೊಸ ಭಾಗದಲ್ಲಿ 2013ರ ಮಾರ್ಚಿನಲ್ಲಿ ಬಿಗಿ ಮಾಡಿದ 96 ದಪ್ಪ ರಾಡುಗಳಲ್ಲಿ 32 ಹೀಗೆ ಮುರಿದವು. ಆ ಭಾಗ ಇನ್ನೂ ಉದ್ಘಾಟನೆಯೇ ಆಗಿರಲಿಲ್ಲ.

ಹಿರಿಯರನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೇನೆ ಅನ್ನಬೇಡಿ. ನನ್ನ ಬಿಲ್ ಮಾಡುವಾಗ ಒಂದು ಹಿಡಿ ಸ್ಪ್ರಿಂಗ್ ವಾಷರ್ ಸುರಿದರು. ಬೇಡ ಅಂದೆ. "ಇಲ್ದಿದ್ರೆ ಲೂಸ್ ಆಗತ್ತೆ" ಎಂದರು. ಇದ್ದರೂ ಆಗುತ್ತದೆ. ಬೋಲ್ಟ್ ಬಿಗಿಯಾಗಿ ನಿಲ್ಲುವುದು ವಾಷರಿನಿಂದಲ್ಲ. ಬಿಗಿ ಮಾಡಿದಾಗ ಬೋಲ್ಟ್ ರಬ್ಬರ್ ಬ್ಯಾಂಡಿನ ಹಾಗೆ ಕೂದಲೆಳೆಯಷ್ಟು ಹಿಗ್ಗುತ್ತದೆ, ವಾಪಸ್ ಬರಲು ನೋಡುತ್ತದೆ, ಆ ಎಳೆತವೇ ಎರಡು ಪ್ಲೇಟುಗಳನ್ನು ಒತ್ತಿ ಹಿಡಿಯುತ್ತದೆ. ಪ್ಲೇಟುಗಳು ಅಡ್ಡಡ್ಡ ಜಾರತೊಡಗಿದರೆ ನಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಜರ್ಮನಿಯ ಇಂಜಿನಿಯರ್ ಯುಂಕರ್ 1969ರಲ್ಲೇ ಮೆಷಿನ್ ಮೇಲೆ ಅಲುಗಾಡಿಸಿ ಇದನ್ನು ತೋರಿಸಿದರು. ಪೂರ್ತಿ ಬಿಗಿಯಾದ ಮೇಲೆ ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿ ಸಾದಾ ವಾಷರ್ ಆಗಿಬಿಡುತ್ತದೆ. ಇದನ್ನೆಲ್ಲ ಹೇಳಿದೆ. "ನಲವತ್ತು ವರ್ಷದಿಂದ ಮಾರ್ತಿದ್ದೀನಿ" ಎಂದರು. ವಾಷರ್ ತಗೊಂಡು ಬಂದೆ. ಫ್ರೀ ಕೊಟ್ಟಿದ್ದು.

ರಿಂಗ್ ಅಲ್ಲಾಡುತ್ತಿದ್ದುದಕ್ಕೂ ಇದೇ ಕಾರಣ ಇರಬೇಕು. ಹಳೇ ಬೋಲ್ಟ್ ಮುರಿದಿರಲಿಲ್ಲವಲ್ಲ. ಯಾರೋ ಅರ್ಧಂಬರ್ಧ ಬಿಗಿ ಮಾಡಿದ್ದಾರೆ. ಎಂ12ರ 8.8ಕ್ಕೆ ಒಣ ಥ್ರೆಡ್ಡಿನಲ್ಲಿ ಸುಮಾರು 80ರಿಂದ 90 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ ಬೇಕು. ನಾವು ಹಾಕುವ ಆ ಶಕ್ತಿಯಲ್ಲೂ ನೂರಕ್ಕೆ ತೊಂಬತ್ತು ಪಾಲು ಬರೀ ಉಜ್ಜಾಟಕ್ಕೇ ಹೋಗುತ್ತದೆ, ಬೋಲ್ಟನ್ನು ಎಳೆಯಲು ಸಿಗುವುದು ಹತ್ತು. ಸೆಕ್ಯುರಿಟಿಯವರ ಕೈಗೆ ರಿಂಗ್ ಸ್ಪ್ಯಾನರ್ ಕೊಟ್ಟು "ಟೈಟ್ ಮಾಡಪ್ಪಾ" ಅಂದರೆ ಎಷ್ಟಾಗುತ್ತದೋ ದೇವರೇ ಬಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಆ ಫೋಟೋ. ಹಳೇ ಬೋಲ್ಟ್ ತೋರಿಸಿ "ಇದೇ ಥರ ಕೊಡಿ" ಎನ್ನುವುದು. ಭಾವ ಮಾಡಿದ್ದೂ ಅದೇ ತಾನೆ. ಸ್ಯಾಂಪಲ್ ನೋಡಿದರೆ ಅಲ್ಲಿ ಏನು ಇತ್ತು ಎಂದು ತಿಳಿಯುತ್ತದೆ. ಏನು ಇರಬೇಕಿತ್ತು ಎಂದು ತಿಳಿಯುವುದಿಲ್ಲ.

1990ರ ಜೂನ್ 10. ಬ್ರಿಟಿಷ್ ಏರ್‌ವೇಸಿನ ವಿಮಾನವೊಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಕ್ಕೆ ಹೊರಟಿತ್ತು. 17,300 ಅಡಿ ಎತ್ತರದಲ್ಲಿ ಪೈಲಟ್ಟಿನ ಮುಂದಿನ ಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧ ದೇಹ ಹೊರಗೆ, ಅರ್ಧ ಒಳಗೆ. ಸಿಬ್ಬಂದಿ ಕಾಲು ಹಿಡಿದುಕೊಂಡೇ ಇದ್ದರು, ಕೋ-ಪೈಲಟ್ ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು, ಮತ್ತೆ ವಿಮಾನ ಹಾರಿಸಿದರು. ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲಷ್ಟೇ ಬದಲಿಸಿದ್ದರು. 90 ಬೋಲ್ಟುಗಳಲ್ಲಿ 84ರ ದಪ್ಪ 0.66 ಮಿಲಿಮೀಟರ್ ಕಡಿಮೆ ಇತ್ತು. ಉಳಿದ ಆರು ಗಿಡ್ಡ. ಹಾಕಿದವರು ಹಳೇ ಬೋಲ್ಟ್ ಇಟ್ಟುಕೊಂಡು, ಮಂದ ಬೆಳಕಿನಲ್ಲಿ ಕಣ್ಣಂದಾಜಿನಲ್ಲಿ ಹೊಂದಿಸಿ ಆರಿಸಿದ್ದರು. ಸ್ಟೋರಿನಲ್ಲಿದ್ದವರು ಸರಿಯಾದ ನಂಬರ್ ಹೇಳಿದ್ದರು. ಇವರು ಸ್ಯಾಂಪಲ್ಲನ್ನೇ ನಂಬಿದರು. ಆ ಸ್ಯಾಂಪಲ್ಲೂ ತಪ್ಪು ಉದ್ದದ್ದೇ, ಹಿಂದೆ ಯಾರೋ ಹಾಕಿದ್ದು ಹೇಗೋ ನಡೆದುಕೊಂಡು ಬಂದಿತ್ತು.

ಸ್ಟೋರಿನವರ ಜಾಗದಲ್ಲಿ ನಮ್ಮ ಎಸ್‌ಪಿ ರೋಡಿನ ಹಿರಿಯರನ್ನು ನಿಲ್ಲಿಸಿ ನೋಡುತ್ತೇನೆ. ಬೈದಾದರೂ ತಡೆಯುತ್ತಿದ್ದರೋ, ಬೈದಿದ್ದಕ್ಕೇ ಆ ಮನುಷ್ಯ ಬೇರೆ ಡಬ್ಬ ಹುಡುಕಿಕೊಂಡು ಹೋಗುತ್ತಿದ್ದನೋ.

ಇದಕ್ಕೆಲ್ಲ ಕೌಂಟರಿನವರನ್ನು, ಹುಡುಗನನ್ನು ದೂರಿ ಏನು ಪ್ರಯೋಜನ? ನನ್ನ ಹತ್ತಿರ ಬರುವ ಡ್ರಾಯಿಂಗುಗಳನ್ನು ನೋಡಿ. ಬೀಮ್ ಯಾವುದು, ಪ್ಲೇಟ್ ಎಷ್ಟು ದಪ್ಪ, ಪೇಂಟಿನ ಬಣ್ಣ ಯಾವುದು, ಎಲ್ಲ ಇರುತ್ತದೆ. ಬೋಲ್ಟಿನ ಜಾಗದಲ್ಲಿ "ಸೂಕ್ತ ಬೋಲ್ಟ್ ಹಾಕುವುದು". ಕೊಟೇಷನ್ನಿನಲ್ಲಿ "ನಟ್-ಬೋಲ್ಟ್ ಸಮೇತ". ಸೂಕ್ತ ಯಾವುದು ಎಂದು ಇಂಜಿನಿಯರ್ ಹೇಳುವುದಿಲ್ಲ, ಕಂಟ್ರಾಕ್ಟರ್ ಕೇಳುವುದಿಲ್ಲ. ಕೊನೆಗೆ ತೀರ್ಮಾನ ಮಾಡುವವನು ಸ್ಕೂಟರಿನಲ್ಲಿ ಅಂಗಡಿಗೆ ಹೋಗುವ ಹೆಲ್ಪರ್. ಇಡೀ ಕೆಲಸದಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ ಅವನದೇ. ಅವನ ಕೈಗೆ ದುಡ್ಡು ಎಣಿಸಿ ಕೊಟ್ಟು ಚಿಲ್ಲರೆ ವಾಪಸ್ ತಾ ಅಂದಿರುತ್ತೇವೆ. ಆನ್‌ಲೈನಿನಲ್ಲಿ ತರಿಸಿದರೆ ಸೈಜ್, ಗ್ರೇಡ್, ಉದ್ದ ಎಲ್ಲ ಕರಾರುವಾಕ್ಕಾಗಿ ಆರಿಸಬಹುದು, ಬೇಕಾದರೆ ಟೆಸ್ಟ್ ಸರ್ಟಿಫಿಕೇಟೂ ಸಿಗುತ್ತದೆ. ಆದರೆ ಇದು ಎಲ್ಲಿತ್ತು, ಬಿದ್ದರೆ ಯಾರ ಮೇಲೆ ಎಂದು ಅಲ್ಲಿ ಕೇಳುವವರಿಲ್ಲ.

ಭಾವನಿಗೆ ಬೋಲ್ಟ್ ತಲುಪಿದೆ. ಎಸ್‌ಎಸ್ ಬೋಲ್ಟಿಗೆ ಎಸ್‌ಎಸ್ ನಟ್ ಹಾಕಿ ನಟ್ ತಿರುಗಿಸುವ ಗನ್ನಿನಲ್ಲಿ ಜೋರಾಗಿ ತಿರುಗಿಸಿದರೆ ಥ್ರೆಡ್ ಕಚ್ಚಿಕೊಂಡು ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಅದಕ್ಕೆ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ ನಿಧಾನವಾಗಿ ಕೈಯಲ್ಲೇ ತಿರುಗಿಸಲು ಹೇಳಿದ್ದೇನೆ. "ಪೇಸ್ಟಿಗೆ ಅಲ್ಲಿ ರೇಟ್ ಎಷ್ಟು?" ಎಂದು ಕೇಳಿದರು.

ನಮ್ಮ ಶೆಡ್ಡಿನ ಕೊಟೇಷನ್ನಿನಲ್ಲಿ "ನಟ್-ಬೋಲ್ಟ್ ಸಮೇತ" ಎನ್ನುವ ಸಾಲನ್ನು ತೆಗೆದಿದ್ದೇನೆ. ಅದರ ಜಾಗದಲ್ಲಿ ಸೈಜ್, ಗ್ರೇಡ್, ಯಾವ ಕೋಟಿಂಗ್, ಎಷ್ಟು ಟಾರ್ಕ್, ಬೋಲ್ಟುಗಳ ಭಾರತೀಯ ಮಾನದಂಡ ಐಎಸ್ 1367ರ ಪ್ರಕಾರ ತಲೆಯ ಮೇಲೆ ಗುರುತು ಇರಬೇಕು ಎಂದೆಲ್ಲ ಬರೆದು ಗುರುವಾರ ಒಬ್ಬರಿಗೆ ಕಳಿಸಿದೆ. ಶಾಲೆಯೊಂದರ ನೀರಿನ ಟ್ಯಾಂಕಿನ ಸ್ಟ್ಯಾಂಡ್. ಸಂಜೆ ಫೋನ್ ಬಂತು. "ಈ ಲೈನ್ ತೆಗೆದ್ರೆ ಎಷ್ಟು ಕಮ್ಮಿ ಮಾಡ್ತೀರಿ?" ತೆಗೆಯೋದಿಲ್ಲ ಅಂದೆ. ಯೋಚನೆ ಮಾಡಿ ಹೇಳ್ತೀವಿ ಎಂದರು. ಆರ್ಡರ್ ಇನ್ನೂ ಬಂದಿಲ್ಲ.